ಬಿಸಿಲು ತಾಗದ ಜಾಗ

ಬೇರೆ ಎಷ್ಟೋ ಮರಗಳು ಹಳತಾದಂತೆ ಕಪ್ಪಾಗುತ್ತವೆ. ಕಪ್ಪು ಅಕ್ರೋಟದ ಮರ ಮಾತ್ರ ಬಿಸಿಲಿಗೆ ಬಣ್ಣ ಬಿಟ್ಟು ತಿಳಿಯಾಗುತ್ತದೆ. ಬಡಗಿಯಾದ ನಾನು ಆ ಮರದಲ್ಲಿ ಮಗಳಿಗೊಂದು ಕುರ್ಚಿ ಮಾಡಿಕೊಟ್ಟಿದ್ದೆ. ಬೆಳಿಗ್ಗೆ ಕಿಟಕಿಗೆ ಮುಖಮಾಡಿ ಅದರಲ್ಲೇ ಕೂತು ಪಾಠ ಓದುತ್ತಿದ್ದಳು. ಏಳನೆಯ ವಯಸ್ಸಿಗೆ ದೇವರು ಅವಳನ್ನು ಕರೆದುಕೊಂಡ. ಅವಳು ಒರಗುತ್ತಿದ್ದ ಹಲಗೆಯಲ್ಲಿ ಪುಟ್ಟ ತಲೆ, ಎರಡು ಭುಜಗಳ ಆಕಾರ ಬಿಸಿಲು ತಾಗದೆ ಕಪ್ಪಾಗಿಯೇ ಉಳಿದಿತ್ತು. ಹಲಗೆಯಲ್ಲಿ ಮರದ ಗಂಟೊಂದಿತ್ತು; ತಲೆಯ ಗುರುತು ಅದರ ಕೆಳಗೇ ಮುಗಿಯುತ್ತಿತ್ತು.

ಹೆಂಡತಿ ಊಟ ನಿದ್ದೆ ಬಿಟ್ಟು ಅದರ ಮುಂದೆ ಕೂತು ಮಾತಾಡತೊಡಗಿದಳು. ಇವಳನ್ನೂ ಕಳೆದುಕೊಂಡೇನೆಂದು ಹೆದರಿ ನಾನು ಹಲಗೆಗೆ ಹತ್ತರಿ ಹೊಡೆದು ಮೇಲ್ಪದರವನ್ನು ಹೆರೆದುಬಿಟ್ಟೆ. ಒಳಗಿನ ಕಪ್ಪು ಒಂದೇ ಸಮನಾಗಿ ಮೇಲೆ ಬಂದು ಗುರುತು ಅಳಿಯಿತು.

"ನಿಮ್ಮ ಕೈಗೆ ಒಂದಿಷ್ಟೂ ಕರುಣೆ ಇಲ್ವೇನ್ರೀ?" ಎಂದಳು.

ಕುರ್ಚಿ ಕಿಟಕಿಯ ಬಳಿಯೇ ಇತ್ತು. ಅದರಲ್ಲಿ ಯಾರೂ ಕೂರಲಿಲ್ಲ. ಎರಡು ಬೇಸಿಗೆ ಕಳೆದು ಮರ ಮತ್ತೆ ತಿಳಿಯಾಯಿತು. ಒಂದು ಬೆಳಿಗ್ಗೆ ನಾನು ಪ್ರಾರ್ಥನೆ ಮುಗಿಸಿ ಏಳುವಾಗ ಅವಳು ಕರೆದಳು. "ರೀ, ಒಂಚೂರು ಬನ್ನಿ ಇಲ್ಲಿ."

ಹಲಗೆಯ ಮೇಲೆ ಮತ್ತೆ ತಲೆ, ಭುಜ. ಸುತ್ತಲ ಮರ ಬಿಸಿಲಿಗೆ ಕಾದಿತ್ತು. ಆ ಕಪ್ಪು ಜಾಗ ಮಾತ್ರ ಕೈಗೆ ತಣ್ಣಗೆ ಸಿಕ್ಕಿತು.

"ಹತ್ತರಿ ಸರಿಯಾಗಿ ಬಿದ್ದಿಲ್ಲ ಕಣೇ," ಎಂದೆ. ನನ್ನ ಮಾತನ್ನು ನಾನೇ ನಂಬಲಿಲ್ಲ.

ಅವಳು ಅಳುತ್ತಲೇ ನಕ್ಕಳು. "ನೋಡಿ, ಎಷ್ಟೆತ್ತರ ಆಗಿಬಿಟ್ಟಿದ್ದಾಳೆ."

ತಲೆಯ ಗುರುತು ಗಂಟನ್ನು ದಾಟಿ ನಾಲ್ಕು ಬೆರಳು ಮೇಲಕ್ಕಿತ್ತು.