ಇಳಿಜಾರಿಗೆ ತಕ್ಕ ಗಾಡಿ

ಕುದುರೆ ಒದ್ದರೆ ಬೆರಳಿನ ಗುರುತು ಮೂಡುವುದಿಲ್ಲ. ಅಷ್ಟು ತಿಳಿಯಲು ಕುದುರೆ ಸಾಕಿದ ಅನುಭವವೇನೂ ಬೇಕಿಲ್ಲ. ತಾಯಿಯನ್ನು ನೋಡಲು ಗ್ಯಾರೇಜಿನ ಮೇಲಿನ ಮನೆಗೆ ಬಂದಿದ್ದ ಗ್ಯಾರೇಜ್ ಮೇಸ್ತ್ರಿಯ ತಂಗಿ ಆ ಸೆಕೆಯಲ್ಲೂ ಮಣಿಕಟ್ಟು ಮುಚ್ಚುವ ತೋಳಿನ ಅಂಗಿ ತೊಟ್ಟಿದ್ದಳು. ತಾಯಿಗೆ ನೀರಿನ ಲೋಟ ಕೊಡಲು ಕೈ ಚಾಚಿದಾಗ ತೋಳು ಹಿಂದೆ ಸರಿದು ನಾಲ್ಕು ನೀಲಿ ಬರೆಗಳು ಕಂಡವು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಅವಳು, "ಕುದುರೆ ಒದೀತು ಅಣ್ಣ" ಎಂದಳು.

ಹಿಂದಿನ ಸಲವೂ ಕುದುರೆಯೇ ಒದ್ದಿತ್ತು. ಅದಕ್ಕೂ ಹಿಂದೆ ಲಾಯದ ಬಾಗಿಲು ಬಡಿದು ಅವಳ ಎಡಗಿವಿ ಹೋಗಿತ್ತು. ಪಾಪದ ಆ ಕಂದು ಕುದುರೆಯೋ, ನೊಣ ಕೂತರೂ ಒಂದು ಸಲ ಯೋಚಿಸಿ ಬಾಲ ಬೀಸುವಂಥ ಸಾಧು ಪ್ರಾಣಿ. ತನ್ನ ಹೆಸರಿನಲ್ಲಿ ಏನೇನು ನಡೆಯುತ್ತಿದೆ ಎಂದು ತಿಳಿದಿದ್ದರೆ ಅದೂ ಅತ್ತುಬಿಡುತ್ತಿತ್ತು.

ಮೇಸ್ತ್ರಿ ಮಾಡದ ಪ್ರಯತ್ನವಿರಲಿಲ್ಲ. ಒಮ್ಮೆ ಅವಳ ಕೈಹಿಡಿದು ಪೊಲೀಸ್ ಠಾಣೆಗೇ ಕರೆದೊಯ್ದಿದ್ದ. ಅಧಿಕಾರಿಯ ಮುಂದೆ ಅವಳು ನೆಲ ನೋಡುತ್ತಾ ಮತ್ತೆ ಕುದುರೆಯನ್ನೇ ದೂರಿದಳು. ಮನೆಗೆ ಬಂದುಬಿಡು, ಇಲ್ಲೇ ಇರು ಎಂದು ಅಂಗಲಾಚಿದ್ದಾಯಿತು, ಬೈದದ್ದಾಯಿತು. ಎಲ್ಲಕ್ಕೂ ಅವಳದು ಒಂದೇ ಉತ್ತರ, "ಅವರ ಮಾನ ಹೋಗುತ್ತೆ ಅಣ್ಣ." ಗಂಡನ ಮಾನ ಕಾಯುವ ಕೆಲಸವನ್ನು ಅವಳು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದಳೆಂದರೆ, ಊರಿಗೆ ಊರೇ ಅವನನ್ನು ದೊಡ್ಡ ಸವಾರ ಎಂದು ಹೊತ್ತು ಮೆರೆಸುತ್ತಿತ್ತು. ಕಿವಿ ನೋಡಿದ ಡಾಕ್ಟರು ಮಾತ್ರ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಇನ್ನೊಂದು ಏಟು ತಲೆಗೆ ಬಿದ್ದರೆ ತಮ್ಮಿಂದ ಏನೂ ಮಾಡಲಾಗದು ಎಂದಿದ್ದರು. ಅಂದಿನಿಂದ ಫೋನ್ ರಿಂಗಾದಾಗಲೆಲ್ಲ ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ಎತ್ತುತ್ತಿದ್ದ. ತಂಗಿಯನ್ನು ಮಣ್ಣಿಗೆ ಕೊಡುವ ದಿನ ಹತ್ತಿರ ಬರುತ್ತಿದೆ, ತಾನು ಸ್ಪ್ಯಾನರ್ ಹಿಡಿದು ನಿಂತಿದ್ದೇನೆ ಎನಿಸಿ ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು.

ಇಂಥ ದಿನಗಳಲ್ಲೇ ಸವಾರ, ಕುದುರೆ ಸವಾರಿಯ ಸ್ಪರ್ಧೆಯಿಂದ ಮರಳುವಾಗ ಕೆಟ್ಟುನಿಂತ ತನ್ನ ಹಳೆಯ ಜೀಪನ್ನು ಕ್ರೇನಿಗೆ ಸಿಕ್ಕಿಸಿ ಗ್ಯಾರೇಜಿಗೆ ಎಳೆಸಿಕೊಂಡು ಬಂದ. ಬಾಗಿಲಿನ ಅಡ್ಡಪಟ್ಟಿಗೆ ತಲೆ ತಗ್ಗಿಸಿ ಒಳಬರಬೇಕಾದಷ್ಟು ಎತ್ತರದ ಆಳು, ನಗುಮುಖ, ಹೊಳೆಯುವ ಬೂಟು. ಗೇರ್‌ಬಾಕ್ಸ್ ಪುಡಿಯಾಗಿದೆ, ಇದು ಇನ್ನು ಏಳುವುದಿಲ್ಲ ಎಂದು ಮೇಸ್ತ್ರಿ ನೋಡಿ ಹೇಳಿದ. ಹಾಗಾದರೆ ಬೇರೆ ಗಾಡಿ ಹುಡುಕಿಕೊಡಿ ಎಂದ ಸವಾರ. ದಿನಾ ಓಡಾಡಲು ಒಂದು ಗಾಡಿ ಬೇಕು. ವರ್ಷದಲ್ಲಿ ನಾಲ್ಕೈದು ಸಲ ಸ್ಪರ್ಧೆಗೆ ಹೋಗುವಾಗ ಕುದುರೆಯ ಟ್ರೇಲರನ್ನೂ ಅದೇ ಎಳೆಯಬೇಕು.

"ಅಪರೂಪಕ್ಕೆ ಎಳೆಯೋದು ಭಾವ. ಅದಕ್ಕೋಸ್ಕರ ಆನೆ ಸಾಕೋಕಾಗುತ್ತಾ?" ಎಂದು ನಕ್ಕ.

ಮೇಸ್ತ್ರಿಯೂ ನಕ್ಕ. ಆ ನಗು ಮುಗಿಯುವಷ್ಟರಲ್ಲಿ ಅವನ ತಲೆಯೊಳಗೆ ಇಡೀ ಯೋಜನೆ ಬಂದು ಕುಳಿತಿತ್ತು.

ಸವಾರ ಹೋದ ಮೇಲೆ ಜೀಪನ್ನು ಅಂಗಳದ ಮೂಲೆಗೆ ತಳ್ಳಿಸುವುದಿತ್ತು. ಮೇಸ್ತ್ರಿ ಸ್ಟೀರಿಂಗ್ ಹಿಡಿಯಲು ಹತ್ತಿ ಕುಳಿತ, ಎಂದಿನಂತೆ ಮೊಣಕಾಲು ಬಡಿಯಿತು, ಎಂದಿನಂತೆ ಬೈದುಕೊಂಡು ಸೀಟನ್ನು ಹಿಂದೆ ತಳ್ಳಿದ. ಜೀಪು ಮೂಲೆ ಸೇರಿದ ಮೇಲೆ ಮತ್ತೆ ಮುಂದೆಳೆದು, ಕಟಕ್ ಎಂದು ಕೂತ ಮೇಲೇ ಇಳಿದ. ಗಿರಾಕಿಯ ಸೀಟು, ಕನ್ನಡಿ ಬಂದ ಹಾಗೇ ಹೋಗಬೇಕು ಎಂಬುದು ಅವನ ಗ್ಯಾರೇಜಿನ ಕಟ್ಟುನಿಟ್ಟು. ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಇನ್ನೆಂದೂ ಓಡದ ಗಾಡಿಗೂ ಆ ಮರ್ಯಾದೆ ಸಿಕ್ಕಿತು. ತಲೆಯಂತೂ ಆಗಲೇ ಇಳಿಜಾರಿನಲ್ಲಿತ್ತು.

ಸ್ಪರ್ಧೆಯ ಮೈದಾನ ಗುಡ್ಡದ ಆಚೆ, ಕೆಳಗಿನ ಬಯಲಿನಲ್ಲಿ. ಹೋಗಲು ಇರುವುದು ಒಂದೇ ರಸ್ತೆ. ಗುಡ್ಡದ ನೆತ್ತಿ ದಾಟಿದ ಮೇಲೆ ಅದು ಉದ್ದಕ್ಕೂ ಇಳಿಯುತ್ತದೆ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಗಾಳಿ. ಟ್ರೇಲರ್ ಎಳೆಯುವ ಗಾಡಿ ಎಂದರೆ ಜನ ಇಂಜಿನ್ ನೋಡುತ್ತಾರೆ. ಎಳೆಯಲು ಯಾವ ಇಂಜಿನ್ನಾದರೂ ಎಳೆದೀತು, ನಿಲ್ಲಿಸುವುದರಲ್ಲಿ ಇರುವುದು ಕಷ್ಟ. ಹಿಂದಿನ ಹೊರೆಗಿಂತ ಮುಂದಿನ ಗಾಡಿ ಹಗುರವಾಗಿದ್ದರೆ ಇಳಿಜಾರಿನಲ್ಲಿ ಎಳೆಯುವವನು ಯಾರು, ತಳ್ಳುವವನು ಯಾರು ಎಂಬುದು ಅದಲುಬದಲಾಗುತ್ತದೆ. ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ. ಆಗ ಗಾಬರಿಬಿದ್ದು ಬ್ರೇಕ್ ತುಳಿದರೆ ಮುಗಿಯಿತು. ಸವಾರನ ಟ್ರೇಲರಿಗೆ ಅದರದೇ ಬ್ರೇಕ್ ಇರಲಿಲ್ಲ. ಹಾಕಿಸಿ ಎಂದು ಮೇಸ್ತ್ರಿ ಹಿಂದೆ ಎಷ್ಟೋ ಸಲ ಹೇಳಿದ್ದ, ಸವಾರ ಕೈ ಬೀಸಿ ತಳ್ಳಿಹಾಕಿದ್ದ. ಭಾರದ ಜೀಪು ಇದ್ದಷ್ಟು ದಿನ ಹೇಗೋ ನಡೆದಿತ್ತು.

ಈ ಯೋಜನೆಯಲ್ಲಿ ಒಂದು ಬೋಲ್ಟನ್ನೂ ಸಡಿಲಿಸಬೇಕಾಗಿರಲಿಲ್ಲ, ಒಂದು ಪೈಪನ್ನೂ ಕತ್ತರಿಸಬೇಕಾಗಿರಲಿಲ್ಲ. ನಾಳೆ ಯಾರು ಬಂದು ಬಿಚ್ಚಿ ನೋಡಿದರೂ ಮೇಸ್ತ್ರಿಯ ಕೆಲಸ ಕಣ್ಣಿಗೊತ್ತಿಕೊಳ್ಳುವಂತಿರಬೇಕು. ಸಲಹೆ ಕೊಟ್ಟ ತಪ್ಪಿಗೆ ಯಾರನ್ನೂ ಜೈಲಿಗೆ ಹಾಕಿದ್ದಿಲ್ಲ. ಸಾಲದ್ದಕ್ಕೆ ಅವನು ಸರಿಯಾದ ಸಲಹೆಯನ್ನೇ ಕೊಡುವವನಿದ್ದ, ಅದೂ ನಾಲ್ಕು ಜನರ ಎದುರು. ಸವಾರನದು ವಿಚಿತ್ರ ಜಾತಿ, ನೀವು ಬಲಕ್ಕೆ ಎಂದರೆ ಅವನು ಎಡಕ್ಕೇ ಹೋಗಬೇಕು. ಆ ಹಟವನ್ನೇ ಮೇಸ್ತ್ರಿ ತನ್ನ ಉಪಕರಣ ಮಾಡಿಕೊಂಡ.

ಹಳೆಯ ಗಾಡಿ ಮಾರುವವನ ಅಂಗಳದಲ್ಲಿ ಅವನು ಮೊದಲು ತೋರಿಸಿದ್ದು ಒಂದು ಉದ್ದನೆಯ, ಭಾರದ ಪಿಕಪ್. ಚಾಸಿ ಗಟ್ಟಿ, ಬ್ರೇಕ್ ದೊಡ್ಡದು, ಕುದುರೆಯ ಟ್ರೇಲರಿಗೆ ಹೇಳಿ ಮಾಡಿಸಿದ್ದು ಎಂದು ಮಾರುವವನಿಗೂ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವರಿಗೂ ಕೇಳುವಂತೆ ಹೇಳಿದ. ಇದೇ ತಗೊಳ್ಳಿ, ಬೇರೆ ನೋಡಲೇಬೇಡಿ ಎಂದು ದುಂಬಾಲು ಬಿದ್ದ. ಪಿಕಪ್ಪಿನ ಹಿಂದೆ, ಬೇಕೆಂದೇ ಕಣ್ಣಿಗೆ ಬೀಳುವಂತೆ, ಒಂದು ಗಿಡ್ಡ ಕೆಂಪು ಗಾಡಿ ನಿಂತಿತ್ತು. ಹೊರಗೆ ಜೀಪಿನ ಗತ್ತು, ಒಳಗೆ ಚಿಕ್ಕ ಕಾರಿನ ಹೃದಯ.

ಸವಾರ ಪಿಕಪ್ಪಿನ ಬಾಗಿಲು ತೆರೆದು, ಸೀಟನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ ನೋಡಿ ತಲೆಯಾಡಿಸಿದ. "ಇದು ತುಂಬಾ ಎತ್ತರ ಭಾವ. ಹತ್ತಿ ಇಳಿಯೋದು ಕಷ್ಟ."

ದಿನಕ್ಕೆ ಹತ್ತು ಸಲ ಕುದುರೆಯ ಬೆನ್ನೇರುವ ಮನುಷ್ಯನಿಗೆ ಗಾಡಿಯ ಮೆಟ್ಟಿಲು ಎತ್ತರವಾಯಿತಂತೆ! ನೆಪ ಹುಡುಕುವುದರಲ್ಲೂ ಎಂಥ ಮೊಂಡ ಎಂದು ಮೇಸ್ತ್ರಿ ಒಳಗೊಳಗೇ ನಕ್ಕ. ಕೆಂಪು ಗಾಡಿ ಎಳೆಯಲು ಹಗುರವಾಯಿತು, ಬೇಡ ಎಂದು ಎರಡು ಸಲ ಗಟ್ಟಿಯಾಗಿ ಹೇಳಿದ. ಎರಡನೇ ಸಲ ಹೇಳುವಷ್ಟರಲ್ಲಿ ಸವಾರ ಅದರ ಕೀಲಿಕೈ ಕೇಳುತ್ತಿದ್ದ.

ಮುಂದಿನದೆಲ್ಲ ನೀರು ಕುಡಿದಷ್ಟು ಸಲೀಸಾಯಿತು. ಟ್ರೇಲರ್ ಸಿಕ್ಕಿಸುವ ಕೊಂಡಿಯನ್ನು ಮೇಸ್ತ್ರಿ ಹೊಸದಾಗಿ ತರಿಸಿ ಕೂರಿಸಿದ, ಬೆಳಕಿನ ತಂತಿಗಳನ್ನು ಎಳೆದ, ಚಕ್ರಗಳ ಗಾಳಿ ನೋಡಿದ. ಖಾಲಿ ಟ್ರೇಲರ್ ಕಟ್ಟಿ ಊರೊಳಗೆ ಸುತ್ತಾಡಿಸಿದರೆ ಗಾಡಿ ಮೊಲದಂತೆ ಓಡಿತು. ಕುದುರೆಯನ್ನು ನೆನೆದಾಗ ಮಾತ್ರ ಅವನ ಕೈ ನಿಲ್ಲುತ್ತಿತ್ತು. ಅದು ಯಾರಿಗೇನು ಮಾಡಿತ್ತು? ತಂಗಿಯ ಏಟುಗಳನ್ನೆಲ್ಲ ತನ್ನ ಗೊರಸಿನ ಮೇಲೆ ಹೊತ್ತುಕೊಂಡಿತ್ತು, ಈಗ ಪ್ರಾಣವನ್ನೂ ಕೊಡಬೇಕು. ಕೊಂಡಿಗೆ ಗ್ರೀಸ್ ಹಚ್ಚುತ್ತಾ ಅವನು ಆ ಮೂಕಪ್ರಾಣಿಯ ಕ್ಷಮೆ ಕೇಳಿಕೊಂಡ, ನಿಜವಾಗಿಯೂ ಕಣ್ಣೀರು ಬಂತು. ಬೇರೆ ದಾರಿ ಇದ್ದಿದ್ದರೆ ಹೇಳಲಿ ಯಾರಾದರೂ.

ಉಳಿದದ್ದು ಒಂದೇ, ತಂಗಿ ಆ ದಿನ ಗಾಡಿಯಲ್ಲಿ ಇರಬಾರದು. ಸ್ಪರ್ಧೆಗೆ ಹೋಗುವಾಗ ಅವಳು ಜೊತೆಗೆ ಹೋಗುವ ರೂಢಿಯಿರಲಿಲ್ಲ ಎಂದೇ ಅವನ ತಿಳಿವಳಿಕೆ. ಟ್ರೇಲರಿಗೆ ಕುದುರೆ ಹತ್ತಿಸಿದ ಮೇಲೆ ಹೆಂಗಸರ ಸಲಹೆ ತನಗೆ ಬೇಡವೆಂದು ಸವಾರ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಮೈದಾನದ ಗೇಟಿನೊಳಗೆ ಒಂದೇ ತಿರುವಿನಲ್ಲಿ ಟ್ರೇಲರ್ ತಂದು ನಿಲ್ಲಿಸುವ ಅವನ ಠೀವಿಯನ್ನು ಹೊಗಳದವರಿಲ್ಲ. ಆದರೂ ಮೇಸ್ತ್ರಿ ಅದೃಷ್ಟದ ಕೈಗೆ ಏನನ್ನೂ ಬಿಡುವವನಲ್ಲ. ಸ್ಪರ್ಧೆಯ ದಿನವೇ ತಾಯಿಯ ಕಣ್ಣು ತೋರಿಸಲು ಡಾಕ್ಟರ ಹತ್ತಿರ ಸಮಯ ಪಡೆದ. ನೀನೇ ಬಂದು ಕರೆದುಕೊಂಡು ಹೋಗಬೇಕು, ಅಮ್ಮ ನನ್ನ ಮಾತು ಕೇಳುವುದಿಲ್ಲ ಎಂದು ತಂಗಿಗೆ ಹೇಳಿದ. ಅವಳು ಕೇಳುವ ಕಿವಿಯನ್ನು ಅವನತ್ತ ತಿರುಗಿಸಿ, "ಬರೋಕೆ ನೋಡ್ತೀನಿ ಅಣ್ಣ" ಎಂದಳು. ಅವನ ಭುಜಕ್ಕೂ ಬಾರದ ಆ ಪುಟ್ಟ ಜೀವದ ತಲೆ ನೇವರಿಸುತ್ತಾ ಮೇಸ್ತ್ರಿ, ಇನ್ನು ಸ್ವಲ್ಪ ದಿನ ತಡೆದುಕೋ ಎಂದು ಮನಸ್ಸಿನಲ್ಲೇ ಹೇಳಿದ.

ಆ ದಿನ ಬೆಳಗ್ಗೆ ತಾಯಿ ಹೊರಡಲು ಸಿದ್ಧಳಾಗಿ ಮೆಟ್ಟಿಲ ಮೇಲೆ ಕುಳಿತಿದ್ದಳು. ತಂಗಿ ಇನ್ನೂ ಬಂದಿರಲಿಲ್ಲ. ಮೇಸ್ತ್ರಿ ಒಂದು ಕಾರ್ಬುರೇಟರನ್ನು ಬಿಚ್ಚಿ, ತೊಳೆದು, ಜೋಡಿಸಿ, ಮತ್ತೆ ಬಿಚ್ಚಿದ. ಫೋನನ್ನು ಎದುರಿಗೇ ಇಟ್ಟುಕೊಂಡಿದ್ದ. ಈ ಸಲ ಅದು ರಿಂಗಾದರೆ ಸುದ್ದಿ ಬೇರೆಯದೇ ಆಗಿರುತ್ತದೆ. ಸುದ್ದಿ ಕೇಳಿದಾಗ ಮುಖ ಹೇಗಿರಬೇಕು, ಮೊದಲ ಮಾತು ಏನಿರಬೇಕು ಎಂಬುದನ್ನೂ ಅವನು ಯೋಚಿಸಿಟ್ಟಿದ್ದ.

ಫೋನ್ ರಿಂಗಾಗಲಿಲ್ಲ. ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಬಾಗಿಲಿನ ಅಡ್ಡಪಟ್ಟಿಗೆ ತಲೆ ತಗ್ಗಿಸಿ ಸವಾರ ಒಳಬಂದ, ಹೊಳೆಯುವ ಬೂಟು, ಕೈಯಲ್ಲಿ ಒಂದು ಸಣ್ಣ ಪೊಟ್ಟಣ.

"ಅತ್ತೆಗೆ ಕಣ್ಣಿನ ಡ್ರಾಪ್ಸ್ ಭಾವ, ಅವಳು ಕೊಟ್ಟು ಹೋಗಿ ಅಂದ್ಳು. ಇವತ್ತು ಬರೋಕಾಗಲ್ವಂತೆ."

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. ಸ್ಪರ್ಧೆ ಇಲ್ಲವೇ, ಕುದುರೆ ಎಲ್ಲಿ ಎಂದು ಹೇಗೋ ಕೇಳಿದ.

"ಹೊರಟಾಯ್ತು. ಈಗ ಗುಡ್ಡ ಹತ್ತಿರಬೇಕು."

"ಯಾರು ಓಡಿಸ್ತಿದ್ದಾರೆ?"

ಸವಾರ ಸುತ್ತ ನೋಡಿ ದನಿ ತಗ್ಗಿಸಿದ. ಅವನ ಮುಖದಲ್ಲಿ ನಾಚಿಕೆಯಂಥದ್ದೊಂದನ್ನು ಮೇಸ್ತ್ರಿ ಅದೇ ಮೊದಲ ಸಲ ಕಂಡ. "ಅವಳೇ. ಯಾವಾಗ್ಲೂ ಅವಳೇ. ಮದುವೆಯಾದ ವರ್ಷ ಆ ಇಳಿಜಾರಲ್ಲಿ ಟ್ರೇಲರ್ ಒಂದ್ಸಲ ಬಾಲ ಆಡಿಸ್ತು ಭಾವ, ಅವತ್ತಿಂದ ಆ ದಾರಿಲಿ ನಾನು ಸ್ಟೀರಿಂಗ್ ಮುಟ್ಟಿಲ್ಲ. ನಾನು ಬೈಕಲ್ಲಿ ಹೋಗಿ, ಗೇಟಿನ ಹತ್ತಿರ ಅವಳನ್ನ ಇಳಿಸಿ ಅವಳ ಜಾಗದಲ್ಲಿ ಕೂತ್ಕೋತೀನಿ. ಹೊರಗೆ ಹೇಳ್ಬೇಡಿ. ಅವಳು ನಿಮಗೂ ಹೇಳಿಲ್ಲ ನೋಡಿ."

ಮೇಸ್ತ್ರಿ ಫೋನ್ ಹಚ್ಚಿದ. ಅದು ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಸ್ಟೀರಿಂಗ್ ಹಿಡಿದಾಗ ದೇವರೇ ಕರೆದರೂ ಫೋನ್ ಎತ್ತಬಾರದು ಎಂದು ಅವಳಿಗೆ ಗಾಡಿ ಕಲಿಸುವಾಗ ತಲೆಗೆ ಮೊಟಕಿ ಹೇಳಿಕೊಟ್ಟವನು ಅವನೇ. ಹಿಂದೆ ಸವಾರ ಏನೋ ಕೂಗುತ್ತಿದ್ದ, ಮೆಟ್ಟಿಲಿನಿಂದ ತಾಯಿ ಏನಾಯಿತೋ ಎನ್ನುತ್ತಿದ್ದಳು. ಅವನು ತನ್ನ ವ್ಯಾನಿನತ್ತ ಓಡಿದ.

ವ್ಯಾನು ನಿಂತಿದ್ದದ್ದು ಅಂಗಳದ ಮೂಲೆಯಲ್ಲಿ, ಹಳೆಯ ಜೀಪಿನ ಆಚೆ. ಜೀಪಿನ ಕಿಟಕಿ ದಾಟುವಾಗ ಅವನ ಕಾಲು ತಾನಾಗಿ ನಿಂತಿತು. ಒಳಗೆ ಡ್ರೈವರ್ ಸೀಟು ಸ್ಟೀರಿಂಗಿಗೆ ಒತ್ತಿಕೊಂಡು ಕುಳಿತಿತ್ತು. ಬಾಗಿಲಿಗೆ ತಲೆ ತಗ್ಗಿಸುವ ಆ ಮನುಷ್ಯನ ಒಂದು ಕಾಲೂ ಅಲ್ಲಿ ತೂರಲಾರದು. ಅದು ಅಣ್ಣನ ಭುಜಕ್ಕೂ ಬಾರದ ಒಬ್ಬಳಿಗೆ ಮಾತ್ರ ಸರಿಹೋಗುವ ಜಾಗ. ಪ್ರತಿ ಸ್ಪರ್ಧೆ ಮುಗಿದಾಗಲೂ ಆ ಜೀಪನ್ನು ಸರ್ವಿಸಿಗೆಂದು ತಂಗಿಯ ಮನೆಯಿಂದ ಅವನೇ ತರುತ್ತಿದ್ದ. ಪ್ರತಿ ಸಲ ಅವನು ಬೈದುಕೊಂಡು ಸೀಟನ್ನು ಹಿಂದೆ ತಳ್ಳಿದ್ದ, ಪ್ರತಿ ಸಲ ಕೆಲಸ ಮುಗಿಸಿ ಅದನ್ನು ತನ್ನ ಕೈಯಿಂದಲೇ ಮುಂದೆಳೆದು, ಕಟಕ್ ಎಂದು ಕೂತಿದೆಯೇ ಎಂದು ನೋಡಿ, ತಂಗಿಯ ಕಾಲಿಗೆ ಎಟುಕುವಷ್ಟು ದೂರದಲ್ಲಿ ಸರಿಯಾಗಿ ಇಟ್ಟು ಕೊಟ್ಟಿದ್ದ.