ತಾಮ್ರಕ್ಕೆ ಕಚ್ಚದ ಬೆಳ್ಳಿ

"ಏ... ಮುಟ್ಟಬ್ಯಾಡ!"

ಕೂಗಿನ ಜೊತೆಗೇ ಕೈಯೂ ಬಂದಿತ್ತು. ಸುಕನ್ಯಾಳ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದಿದ್ದರು. ಅವಳ ಕೈಯಲ್ಲಿದ್ದ ಚಿಮಟ ಟಣ್ಣನೆ ನೆಲಕ್ಕೆ ಬಿತ್ತು.

ಸಿಂಧನೂರಿನ ಕುಷ್ಟಗಿ ರಸ್ತೆಯ ಆ ವರ್ಕ್‌ಶಾಪಿನಲ್ಲಿ ಅದು ಅವಳ ಮೊದಲ ದಿನ, ಮೊದಲ ಗಂಟೆ. ತಲೆಯೆತ್ತಿ ನೋಡಿದಳು. ಹಣೆಯ ಮೇಲೆ ವಿಭೂತಿ, ಕಣ್ಣಲ್ಲಿ ಗಾಬರಿ. ಮಾಲೀಕ ಶಿವಶರಣಪ್ಪನವರ ಒಬ್ಬನೇ ಮಗ, ಗುರುಬಸವ.

"ಕೈ ಬಿಡ್ರಿ ಮೊದಲು!"

ಅವನು ಬೆಂಕಿ ಮುಟ್ಟಿದವನಂತೆ ಬಿಟ್ಟ. "ಬೆಳ್ಳಿಗೆ ಕೈ ಹಚ್ಚಬಾರದು... ಬೆರಳಿನ ಜಿಡ್ಡು ಹತ್ತತೈತಿ."

"ನನ್ನ ಕೈಯಾಗಿದ್ದದ್ದು ಚಿಮಟ ರೀ. ಲಿಂಗಸುಗೂರಿನಾಗ ಎರಡು ವರ್ಷ ಇದನ್ನ ಕಲಿತು ಬಂದೀನಿ. ಜಿಡ್ಡಿನ ಪಾಠ ನಂಗ ಹೇಳಬ್ಯಾಡ್ರಿ."

ಗುರುಬಸವನ ಕಿವಿ ಕೆಂಪಾದವು. "ಬೆಳ್ಳಿ ಕೆಲಸ ಅಪ್ಪಂದು. ನೀವು ತಾಮ್ರ ನೋಡ್ಕೊಳ್ರಿ, ಅಷ್ಟ."

ಆದರೆ ಹೋಗುವ ಮುಂಚೆ ಬಗ್ಗಿ ಚಿಮಟ ಎತ್ತಿಕೊಂಡ. ತನ್ನ ಕರ್ಚೀಫಿನಿಂದ ಒರೆಸಿ ಅವಳ ಅಂಗೈಯಲ್ಲಿಟ್ಟ.

'ಎಂಥಾ ಸೊಕ್ಕು!' ಎಂದುಕೊಂಡಳು ಸುಕನ್ಯಾ. ಸಂಜೆ ಜವಳಗೇರಾ ಬಸ್ಸಿನಲ್ಲಿ ಕೂತಾಗಲೂ ಅದನ್ನೇ ಅಂದುಕೊಂಡಳು. ಮರುದಿನ ಮಾತ್ರ ಹೊಸ ಚೂಡಿದಾರ ಹಾಕಿಕೊಂಡು ಬಂದಳು. ಮನಸ್ಸಿಗೆ ನಾಚಿಕೆ ಎಂಬುದೇ ಇಲ್ಲ ನೋಡಿ!

ಅವರ ಕೆಲಸವನ್ನು ಇಲ್ಲೇ ಹೇಳಿಬಿಡಬೇಕು. ಅಕ್ಕಿ ಗಿರಣಿಯ ದೊಡ್ಡ ಮೋಟಾರಿಗೆ ಸ್ಟಾರ್ಟರ್ ಇರುತ್ತದೆ. ಅದರೊಳಗೆ ತಾಮ್ರದ ತುಂಡುಗಳು ಕೂಡಿದರೆ ಮೋಟಾರು ಓಡುತ್ತದೆ, ಅಗಲಿದರೆ ನಿಲ್ಲುತ್ತದೆ. ಬರೀ ತಾಮ್ರವಾದರೆ ಕಿಡಿಗೆ ಸುಟ್ಟು ಒಂದಕ್ಕೊಂದು ಅಂಟಿಬಿಡುತ್ತವೆ. ಹಾಗಾಗಬಾರದೆಂದು ಅವುಗಳ ಮುಖಕ್ಕೆ ತೆಳ್ಳಗೆ ಬೆಳ್ಳಿ ಹೊದಿಸುತ್ತಾರೆ.

ಶಿವಶರಣಪ್ಪನವರು ಮೂವತ್ತು ವರ್ಷ ಬಿಳಿಗಾರದ ಪುಡಿ ಹಾಕಿ ಬೆಂಕಿಯಲ್ಲಿ ಬೆಸೆದವರು. ಬಿಳಿಗಾರ ಎಂಥ ಕೊಳೆಯನ್ನೂ ತಿಂದುಹಾಕುತ್ತಿತ್ತು. ಸುಕನ್ಯಾ ಬಂದ ಮೇಲೆ ಅವಳ ಮಾತಿನಂತೆ ಹೊಸ ಪ್ರೆಸ್ ಬಂತು. ತೊಳೆದ ತಾಮ್ರದ ಮೇಲೆ ತೊಳೆದ ಬೆಳ್ಳಿಯಿಟ್ಟು, ಕಾಯಿಸಿ ಒತ್ತಿದರೆ ಸಾಕು, ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ. ಆದರೆ ನಡುವೆ ಕೂದಲೆಳೆಯಷ್ಟೂ ಕೊಳೆ ಇರಬಾರದು.

ತಾಮ್ರವನ್ನು ಆ್ಯಸಿಡ್‌ನಲ್ಲಿ ಅದ್ದಿ, ತಿಕ್ಕಿ ತೊಳೆಯುವುದು ಸುಕನ್ಯಾಳ ಪಾಲು. ಬೆಳ್ಳಿ ಮಾತ್ರ ಶಿವಶರಣಪ್ಪನವರ ಪೂಜೆಯ ಗಂಟೆ ನಿಂತ ಮೇಲೆ ಮುಂದಿನ ಕೋಣೆಯಿಂದ, ಬಟ್ಟೆ ಮುಚ್ಚಿದ ತಾಟಿನಲ್ಲಿ ಬರುತ್ತಿತ್ತು.

ಪ್ರೀತಿ ಎಂಟು ತಿಂಗಳಲ್ಲಿ ಬೆಳೆಯಿತು. ಬಸ್‌ಸ್ಟ್ಯಾಂಡಿನಲ್ಲಿ ಹಂಚಿ ತಿಂದ ಒಗ್ಗರಣಿ-ಮಿರ್ಚಿ, ಕದ್ದು ನೋಡುವ ನೋಟ, ಮುನಿಸು... ಎಲ್ಲ ಆಯಿತು.

"ಸುಗ್ಗಿ ಮುಗೀಲಿ. ಮನ್ಯಾಗ ಮಾತಾಡ್ತೀನಿ," ಎಂದ ಗುರುಬಸವ.

"ನಿಮ್ಮದು ಲಿಂಗ ಕಟ್ಟೋ ಮನಿ, ನಮ್ಮದು ಬುದ್ಧನ ಫೋಟೋ ಹಾಕಿದ ಮನಿ. ನಿಮ್ಮಪ್ಪ ಒಪ್ಪತಾರೇನು?"

"ನಾ ಅದೀನಲ್ಲ."

ಆ ಎರಡು ಪದ ನಂಬಿ ಎಷ್ಟು ಹೆಣ್ಣುಮಕ್ಕಳು ಹಾಳಾಗಿದ್ದಾರೋ! ಸುಕನ್ಯಾಳೂ ನಂಬಿದಳು.

ಸುಗ್ಗಿ ಮುಗಿಯುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತು.

ಸುಕನ್ಯಾಳ ತಮ್ಮ ಶಿವರಾಜ ಸಿಂಧನೂರಿನ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಅಂದು ಮಧ್ಯಾಹ್ನ ಅವನ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಜೊತೆಗಾರ ಓಡಿಹೋಗಿ ಸ್ಟಾಪ್ ಬಟನ್ ಒತ್ತಿದ. ಮೋಟಾರು ನಿಲ್ಲಲಿಲ್ಲ! ಮತ್ತೆ ಒತ್ತಿದ... ಮತ್ತೆ... ಹೊರಗಿನ ಮೇನ್ ಸ್ವಿಚ್ ತೆಗೆಯುವ ಹೊತ್ತಿಗೆ ಶಿವರಾಜನ ಬಲಗೈಯ ನಾಲ್ಕು ಬೆರಳು ಹೋಗಿದ್ದವು.

ವರ್ಕ್‌ಶಾಪಿನವರೆಲ್ಲ ಓಡಿಬಂದು, ತಾವೇ ತುಂಡು ಕೊಟ್ಟಿದ್ದ ಆ ಸ್ಟಾರ್ಟರ್ ಬಿಚ್ಚಿದರು. ಬೆಳ್ಳಿ ಸಿಪ್ಪೆಯಂತೆ ಎದ್ದಿತ್ತು. ತಾಮ್ರಕ್ಕೆ ತಾಮ್ರ ಅಂಟಿಕೊಂಡಿತ್ತು.

ಶಿವಶರಣಪ್ಪನವರು ಗಿರಣಿಯ ಅಂಗಳದಲ್ಲಿ ಎಲ್ಲರ ಮುಂದೆ ಕೇಳಿದರು. "ಇದರ ತಾಮ್ರ ತೊಳದಾಕಿ ಯಾರು?"

ಎಲ್ಲ ಕಣ್ಣುಗಳೂ ಸುಕನ್ಯಾಳತ್ತ ತಿರುಗಿದವು. ಆ ತಾಮ್ರ ತೊಳೆದ ವಾರ ಅವಳಿಗೆ ಜ್ವರವಿತ್ತು. 'ಆ್ಯಸಿಡ್‌ನಾಗ ಕಡಿಮಿ ಹೊತ್ತು ಇಟ್ನೇನು? ಸರಿಯಾಗಿ ತಿಕ್ಕಲಿಲ್ಲೇನು? ಅಯ್ಯೋ... ನನ್ನ ತಮ್ಮನ ಕೈ ನಾನ ತೆಗೆದ್ನೇನು?'

ಗುರುಬಸವನ ಕಡೆ ನೋಡಿದಳು. ಎದ್ದುಬಂದ ಬೆಳ್ಳಿಯ ತುಂಡು ಅವನ ಮುಷ್ಟಿಯಲ್ಲಿತ್ತು. ಅವನು ಅದನ್ನು ಕಿಸೆಗೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಅಂದ. "ಆದದ್ದು ಆಗಿಹೋತಪ್ಪಾ. ಆಕಿಗೆ ಏನೂ ಅನಬ್ಯಾಡ್ರಿ."

"ಎಂಥಾ ದೊಡ್ಡ ಮನಸು ಹುಡುಗಂದು!" ಎಂದರು ಸುತ್ತಲಿದ್ದವರು.

ದೊಡ್ಡ ಮನಸ್ಸು ಎನ್ನಿಸಿಕೊಳ್ಳಲು ಎಷ್ಟು ಕಡಿಮೆ ಮಾತು ಸಾಕು!

ಮನೆಯಲ್ಲಿ ಶಿವರಾಜ ಅಕ್ಕನೊಡನೆ ಮಾತು ಬಿಟ್ಟ. ಅವಳು ಬಡಿಸಿದರೆ ತಾಟನ್ನೇ ದೂಡುತ್ತಿದ್ದ. ತಾಯಿ ಪೀರಮ್ಮ ಇಪ್ಪತ್ತೆರಡರ ಮಗನಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಒಂದು ದಿನ ಅವಳೂ ತಡೆಯಲಾರದೆ ಅಂದುಬಿಟ್ಟಳು. "ನಿನ್ನ ಕೈಯಾಗ ಹತ್ತು ಬೆರಳು ಅದಾವಲ್ಲ ಸುಕನ್ಯಾ... ನೋಡಿದ್ರ ನಂಗ ಹೊಟ್ಟ್ಯಾಗ ಬೆಂಕಿ ಬೀಳತೈತಿ."

ಹೆತ್ತ ತಾಯಿಯ ಮಾತು ಅದು! ಸುಕನ್ಯಾ ಅಂದಿನಿಂದ ಮನೆಯಲ್ಲಿ ಕೈಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡೇ ಓಡಾಡಿದಳು.

ಅವಳೇ ವರ್ಕ್‌ಶಾಪ್ ಬಿಟ್ಟಳು. ಮಸ್ಕಿಯಲ್ಲಿ ಕಹಕಶಾ ಎಂಬ ಹೆಂಗಸು ಗಂಡ ತೀರಿದ ಮೇಲೆ ತಾನೇ ಮೋಟಾರು ರಿಪೇರಿ ದುಕಾನು ನಡೆಸುತ್ತಿದ್ದಳು. ಸುಕನ್ಯಾ ಅಲ್ಲಿ ತಂತಿ ಸುತ್ತುವ ಕೆಲಸಕ್ಕೆ ಸೇರಿದಳು. ಬೆಳ್ಳಿಯ ಸುದ್ದಿಗೇ ಹೋಗಲಿಲ್ಲ.

ಗುರುಬಸವ ಪ್ರತಿ ಭಾನುವಾರ ಮಸ್ಕಿಗೆ ಬರುತ್ತಿದ್ದ. ಶಿವರಾಜನಿಗೆಂದು ಔಷಧ, ಹಣ್ಣು ತರುತ್ತಿದ್ದ.

"ನಾ ಎಂದೂ ನಿನ್ನ ತಪ್ಪು ಹಿಡಿಯಂಗಿಲ್ಲ ಸುಕನ್ಯಾ. ಅಳಬ್ಯಾಡ..."

'ನನ್ನಂಥಾ ಪಾಪಿಗೆ ಇಂಥಾ ಮನುಷ್ಯಾ!' ಎಂದು ಅವಳ ಜೀವ ಕರಗುತ್ತಿತ್ತು. ಒಮ್ಮೆ ತಡೆಯಲಾರದೆ ಬಗ್ಗಿ ಅವನ ಕಾಲು ಮುಟ್ಟಿದಳು. ಅವನು ಬೇಡವೆನ್ನಲಿಲ್ಲ. ಮುಖ ಮಾತ್ರ ಆಚೆ ತಿರುಗಿಸಿದ.

ಹೀಗೆ ಐದು ತಿಂಗಳು ಕಳೆದವು.

ಒಂದು ಭಾನುವಾರ ಬೆಳಿಗ್ಗೆ ಕಹಕಶಾ ಒಳಗಿನಿಂದ ಕೂಗಿದಳು. "ಸುಕನ್ಯಾ, ಇಲ್ಲಿ ಬಾ ಬೇಟಿ! ಲಿಂಗಸುಗೂರಿನ ಗಿರಣಿ ಸ್ಟಾರ್ಟರ್ ಬಂದೈತಿ. ಬೆಳ್ಳಿ ನೋಡು, ಉಗುರಿಗೆ ಏಳಾಕತ್ತೈತಿ!"

ಸುಕನ್ಯಾ ತುಂಡನ್ನು ತಿರುಗಿಸಿ ನೋಡಿದಳು. ತುಂಡಿನ ಹಿಂದೆ ಶಿವಶರಣಪ್ಪನವರ ದುಕಾನಿನ ಗುರುತಿತ್ತು. ಪಕ್ಕದಲ್ಲಿ ತಿಂಗಳು ಹೊಡೆದಿದ್ದರು. ಹೋದ ತಿಂಗಳು!

'ನಾ ಬಿಟ್ಟು ಐದು ತಿಂಗಳಾತು... ಇದರ ತಾಮ್ರ ನಾ ತೊಳದಿಲ್ಲ!'

ಉಗುರಿನಿಂದ ಬೆಳ್ಳಿಯನ್ನು ಪೂರ್ತಿ ಎಬ್ಬಿಸಿದಳು. ಅದರ ಹೊಟ್ಟೆಯ ಮೇಲೆ ಬಿಳಿಚಿದ ಗುರುತು. ಒಂದರ ಪಕ್ಕ ಒಂದು, ಮೂರು ಬೆರಳು.

ಕಹಕಶಾ ಮೂಗಿನ ಹತ್ತಿರ ಹಿಡಿದು ನೋಡಿದಳು. "ಹಣಿಗೆ ಹಚ್ಚೋ ಈಬತ್ತಿ ಅಲ್ಲೇನು ಇದು? ಪೂಜಾ ಮುಗಿಸಿ ಯಾರೋ ಬೆಳ್ಳಿನ ಕಣ್ಣಿಗೊತ್ತಿಕೊಂಡಾರ. ತೊಳದಾದ ಮ್ಯಾಲ!"

ಮುಂದಿನ ಕೋಣೆ... ಪೂಜೆಯ ಗಂಟೆ... ಬಟ್ಟೆ ಮುಚ್ಚಿದ ತಾಟು... ಸುಕನ್ಯಾಳಿಗೆ ಎಲ್ಲ ಹೊಳೆಯಿತು. ಬೆಳ್ಳಿ ಎಂದರೆ ಲಕ್ಷ್ಮಿ. ಮುದುಕ ಮೂವತ್ತು ವರ್ಷದಿಂದ ಪ್ರತಿ ತುಂಡನ್ನೂ ವಿಭೂತಿಯ ಬೆರಳಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಗ ಬಿಳಿಗಾರ ಅದನ್ನೆಲ್ಲ ತಿಂದುಹಾಕುತ್ತಿತ್ತು. ಹೊಸ ಪ್ರೆಸ್ಸಿಗೆ ಬಿಳಿಗಾರವಿಲ್ಲ. ಭಕ್ತಿಯೇ ಕೊಳೆಯಾಗಿ ನಡುವೆ ಕೂತಿತ್ತು.

"ನಾನಲ್ಲ... ದೀದಿ, ನಾನಲ್ಲ!" ಸುಕನ್ಯಾ ಕಹಕಶಾಳನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಮೊದಲು ಯಾರಿಗೆ ಹೇಳಬೇಕು? ಗುರುವಿಗೆ! 'ಎಷ್ಟು ಖುಷಿ ಪಡ್ತಾನ ಅವ!'

ಅಯ್ಯೋ ಹುಚ್ಚು ಹುಡುಗಿ!

ಮಧ್ಯಾಹ್ನ ಅವನು ಹಣ್ಣಿನ ಚೀಲ ಹಿಡಿದು ಬಂದಾಗ ಓಡಿಹೋಗಿ ತುಂಡನ್ನು ಅವನ ಮುಂದೆ ಹಿಡಿದಳು. "ನೋಡು ಗುರು, ನೋಡು! ನನ್ನ ತಪ್ಪಲ್ಲ ಅದು!"

ಗುರುಬಸವ ತುಂಡನ್ನು ನೋಡಲಿಲ್ಲ. ನೆಲ ನೋಡಿದ.

ಅವಳ ನಗು ನಿಂತಿತು. "ಗುರು... ನಿಂಗ ಗೊತ್ತಿತ್ತಾ?"

ಅವನು ಹಣ್ಣಿನ ಚೀಲವನ್ನು ಕೆಳಗಿಟ್ಟ.

"ಯಾವಾಗಿಂದ?"

"ಅವತ್ತೇ... ಗಿರಣಿಯಾಗ. ಕೈಗೆ ತಗೊಂಡ ಕೂಡ್ಲೇ ಕಾಣಿಸ್ತು."

"ಐದು ತಿಂಗಳು!"

"ಅಪ್ಪನ ಹಾರ್ಟು ಸರಿ ಇಲ್ಲ ಸುಕನ್ಯಾ. ಊರ ಮುಂದ ಹೆಂಗ ಹೇಳ್ಲಿ? ನಿಂಗ ನಾ ಅದೀನಿ, ಹೆಂಗರ ಸಂಭಾಳಿಸ್ತೀನಿ ಅನ್ಕೊಂಡೆ..."

"ಮೊದಲ ದಿನ ಮುಟ್ಟಬ್ಯಾಡ ಅಂದೆಲ್ಲ, ಅದು ಜಿಡ್ಡಿಗಲ್ಲ, ಹೌದಿಲ್ಲೋ?"

"ನೀ ಮುಟ್ಟಿದ್ರ ಮೈಲಿಗಿ ಅಂತ... ಅಪ್ಪ..."

"ನಾ ನಿನ್ನ ಕಾಲು ಮುಟ್ಟೀನಿ ಗುರು!" ಸುಕನ್ಯಾಳ ದನಿ ಒಡೆಯಿತು. "ಆಗ ಮೈಲಿಗಿ ಆಗ್ಲಿಲ್ಲೇನು? ಸುಮ್ಮನ ಮುಟ್ಟಿಸ್ಕೊಂಡೆಲ್ಲ... ನಾನ ಪಾಪಿ ಅಂತ ಅಳಾಕತ್ತಾಗ ಹಣ್ಣು ಸುಲಿದು ಕೊಟ್ಟೆಲ್ಲ!"

"ಪ್ರೀತಿ ಸುಳ್ಳಲ್ಲ ಸುಕನ್ಯಾ. ದೇವರಾಣಿ, ಅದು ಸುಳ್ಳಲ್ಲ!"

"ಅದಕ್ಕ ಇನ್ನೂ ಉರೀತೈತಿ. ವೈರಿ ಮಾಡಿದ್ರ ತಡಕೋತಿದ್ದೆ. ಹೋಗು! ನನ್ನ ತಮ್ಮನ ಮುಂದ ನಿಂತು ಹೇಳೋತನಕ ನಿನ್ನ ಮುಖ ತೋರಿಸಬ್ಯಾಡ."

ಹಣ್ಣಿನ ಚೀಲ ಅಲ್ಲೇ ಉಳಿಯಿತು. ಅವನು ಹೋದ.

ಅಂದೇ ಸಂಜೆ ಸುಕನ್ಯಾ ತುಂಡನ್ನು ಮನೆಗೆ ಒಯ್ದು ಶಿವರಾಜನ ಮುಂದಿಟ್ಟು ಎಲ್ಲ ಹೇಳಿದಳು. ಅವನು ಗೋಡೆಯ ಕಡೆ ತಿರುಗಿಕೊಂಡ. "ಅವ್ವಾ, ಆಕಿಗೆ ಹೇಳು. ತನ್ನ ತಪ್ಪು ಮುಚ್ಚಿಕೊಳ್ಳಾಕ ಮುದುಕನ ಮ್ಯಾಲ ಹಾಕಬ್ಯಾಡ ಅಂತ."

ಸತ್ಯ ಕೈಯಲ್ಲಿದ್ದೂ ಸುಳ್ಳುಗಾತಿಯಾದಳು. ಅದಕ್ಕಿಂತ ಕೆಟ್ಟ ಸಂಕಟ ಇನ್ನೊಂದಿಲ್ಲ.

ಒಂದು ದಿನ, ಎರಡು ದಿನ, ಹತ್ತು ದಿನ... ಗುರುಬಸವನ ಸುದ್ದಿಯಿಲ್ಲ. 'ಬರಂಗಿಲ್ಲ ಅವ. ಅಪ್ಪನ ಮಗ...' ಎಂದು ಎದೆಯನ್ನು ಕಲ್ಲು ಮಾಡಿಕೊಂಡಳು.

ಮುಂದಿನ ಗುರುವಾರ ದುಕಾನಿಗೆ ರಜೆ. ಜವಳಗೇರಾದ ಅವರ ಮನೆಯ ಮುಂದೆ ಬೈಕು ನಿಂತಿತು. ಗಡ್ಡ ಬಿಟ್ಟ, ಧೂಳು ತಿಂದ ಗುರುಬಸವ. ಪೀರಮ್ಮ ಆಗ ತಾನೇ ಮಗನಿಗೆ ಉಣ್ಣಲು ತಾಟು ಇಟ್ಟಿದ್ದಳು.

ಅವನು ಹೊಸ್ತಿಲ ಹೊರಗೇ ನಿಂತು ಮಾತಾಡಿದ.

"ಶಿವರಾಜ, ನಿನ್ನ ಕೈ ಹೋಗಿದ್ದು ನಿಮ್ಮಕ್ಕನಿಂದಲ್ಲ. ನಮ್ಮಪ್ಪ ಬೆಳ್ಳಿಗೆ ಈಬತ್ತಿ ಕೈ ಹಚ್ಚಿದ್ರು. ಅವರಿಗೆ ಗೊತ್ತಿರಲಿಲ್ಲ. ನಂಗ ಗೊತ್ತಿತ್ತು. ಅವತ್ತೇ ಗೊತ್ತಾತು. ನಾ ಮುಚ್ಚಿಟ್ಟೆ."

ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಅಂದು ಗಿರಣಿಯಲ್ಲಿ ಎದ್ದುಬಂದಿದ್ದ ಬೆಳ್ಳಿ, ಅದರ ಮೇಲೆ ಅದೇ ಮೂರು ಬೆರಳು. ಪೀರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಹತ್ತು ದಿನ ಎಲ್ಲಿದ್ದಿ?" ಸುಕನ್ಯಾ ಒಳಗಿನಿಂದಲೇ ಕೇಳಿದಳು.

"ಸಿಂಧನೂರು, ಸಾಲಗುಂದಾ, ಲಿಂಗಸುಗೂರು... ಹೊಸ ಪ್ರೆಸ್ಸಿನ ಮಾಲು ಹೋದ ಒಂದೊಂದು ಗಿರಣಿಗೂ ಹೋಗಿ ತುಂಡು ಬಿಚ್ಚಿಸಿ ತಂದೆ. ಯಾಕ ಅಂತ ಎಲ್ಲಾ ಕಡೆ ಹೇಳೀನಿ. ಇನ್ನೊಬ್ಬರ ಕೈ ಹೋಗಬಾರದು. ಕೊನೀಗೆ ಅಪ್ಪಗ ಹೇಳಿದೆ." ಅವನು ತಡೆದ. "ತಮ್ಮ ಕೈ ನೋಡ್ಕೋತ ಕುಂತುಬಿಟ್ರು. ಆಮ್ಯಾಲ ನೀ ನನ್ನ ಮಗನ ಅಲ್ಲ, ಹೋಗು ಅಂದ್ರು."

ಶಿವರಾಜ ಎಡಗೈಯಲ್ಲಿ ಬೆಳ್ಳಿ ತುಂಡು ಹಿಡಿದು ಬಹಳ ಹೊತ್ತು ನೋಡಿದ.

"ಬೆರಳು ನಿಮ್ಮಪ್ಪ ತೆಗೆದ," ಎಂದ ಕಡೆಗೆ. "ಅಕ್ಕನ್ನ ನೀ ತೆಗೆದಿ. ಐದು ತಿಂಗಳು ಆಕಿ ಬಡಿಸಿದ ತಾಟು ದೂಡೀನಿ ನಾ!"

ಗುರುಬಸವ ತಲೆಯೆತ್ತಲಿಲ್ಲ.

ಶಿವರಾಜ ತುಂಡನ್ನು ಕೆಳಗಿಟ್ಟು ಒಳಗೆ ತಿರುಗಿದ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ಅಕ್ಕಾ..."

ಸುಕನ್ಯಾ ಗೋಡೆ ಹಿಡಿದುಕೊಂಡಳು.

"ಅಕ್ಕಾ, ಹಸಿವ್ಯಾಗೇತಿ."

ಅಷ್ಟೇ ಸಾಕಾಯಿತು. ಅವಳು ತಮ್ಮನ ತಲೆಯನ್ನು ಎದೆಗೊತ್ತಿಕೊಂಡು ಕೇರಿಗೆಲ್ಲ ಕೇಳುವಂತೆ ಅತ್ತಳು. ಪೀರಮ್ಮ ಮಗಳ ಎರಡೂ ಕೈ ಹಿಡಿದು ಒಂದೊಂದೇ ಬೆರಳನ್ನು ಕಣ್ಣಿಗೊತ್ತಿಕೊಂಡಳು.

ಬೈಕಿನ ಕೀಲಿ ತಿರುಗಿದ ಸದ್ದು ಕೇಳಿ ಸುಕನ್ಯಾ ಹೊರಗೆ ಬಂದಳು.

"ಎಲ್ಲಿ ಹೊಂಟಿ?"

"ಗೊತ್ತಿಲ್ಲ. ಕ್ಷಮಾ ಕೇಳೋ ಮುಖ ಇಲ್ಲ ನಂಗ."

"ಕೇಳಬ್ಯಾಡ. ಕೊಡಂಗಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಮರೀತೀನಿ ಅಂತ ತಿಳ್ಕೊಬ್ಯಾಡ ಗುರು. ಪ್ರತಿ ಜಗಳದಾಗೂ ಇದನ್ನ ತೆಗೀತೀನಿ."

"ತೆಗೀ."

"ಮಕ್ಕಳ ಮುಂದೂ ತೆಗೀತೀನಿ."

"ತೆಗೀ..." ಎಂದವನು ಗಕ್ಕನೆ ತಲೆಯೆತ್ತಿದ. "ಯಾರ... ಮಕ್ಕಳ ಮುಂದ?"

ಸುಕನ್ಯಾ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.

"ಕೈ ತೊಳ್ಕೊಂಡು ಒಳಗ ಬಾ. ಅನ್ನ ಆರಾಕತ್ತೈತಿ. ಶಿವರಾಜಗ ತುತ್ತು ಮಾಡಿ ನೀನ ಉಣಿಸಬೇಕು."

"ಇವತ್ತಾ?"

"ದಿನಾ."

ಗುರುಬಸವನ ಕಣ್ಣು ತುಂಬಿ ಬಂದವು. "ಅವ ನನ್ನ ಕೈಲೆ ಉಣ್ಣತಾನೇನು?"

"ತಾಟು ದೂಡ್ತಾನ," ಎಂದಳು ಸುಕನ್ಯಾ, ಅವನ ಕೈ ಹಿಡಿದು ಹೊಸ್ತಿಲು ದಾಟಿಸುತ್ತ. "ಐದು ತಿಂಗಳು ದೂಡ್ತಾನ. ನೀ ಉಣಿಸ್ಕೋತ ಇರು. ನಾ ಬಾಜೂಕ ಕುಂತಿರ್ತೀನಿ."