ಕುರ್ಚಿ ಬಿಟ್ಟು ಇಳಿಯದ ಹುಡುಗಿ

"ನಮ್ಮ ಕಡೆ ಹೆಣ್ಮಕ್ಳು ಹಿರಿಯರ ಮುಂದೆ ಕುರ್ಚಿ ಮೇಲೆ ಕೂರಲ್ಲಮ್ಮ!"

ಗುಬ್ಬಿ ಊರಿನ ಆ ಪುಟ್ಟ ನಡುಮನೆಯಲ್ಲಿ ಪದ್ಮಮ್ಮ ಹುಬ್ಬು ಗಂಟಿಕ್ಕಿ ಹೇಳಿದರು. ಮಗನಿಗೆ ಹೆಣ್ಣು ನೋಡಲು ಕುಣಿಗಲ್‌ನಿಂದ ಬಂದ ಅವರೆಲ್ಲ ಜಮಖಾನದ ಮೇಲೆ ಕುಳಿತಿದ್ದರು. ಹುಡುಗಿ ಕೌಸಲ್ಯ ಮಾತ್ರ ಮನೆಗಿದ್ದ ಒಂದೇ ಒಂದು ಕುರ್ಚಿಯಲ್ಲಿ!

ಕೌಸಲ್ಯಳ ಮುಖ ಕೆಂಪೇರಿತು. ಇಳಿಯುವುದಾದರೂ ಹೇಗೆ...?

ನಾಲ್ಕು ವರ್ಷದ ಹಿಂದೆ, ಐವತ್ತೇಳನೇ ಇಸವಿಯಲ್ಲಿ, ಯಾರದೋ ಮದುವೆ ಮುಗಿಸಿ ಬರುವಾಗ ಅವರ ಬಾಡಿಗೆ ಕಾರಿಗೆ ಎಮ್ಮೆಯೊಂದು ಅಡ್ಡ ಬಂದಿತ್ತು. ಕಾರು ರಸ್ತೆ ಬಿಟ್ಟಿಳಿದು ಹುಣಸೆಮರಕ್ಕೆ ಗುದ್ದಿತ್ತು. ಹಿಂದಿನ ಸೀಟಿನಲ್ಲಿದ್ದ ಕೌಸಲ್ಯಳ ಎಡಮಂಡಿ ಮುರಿದಿತ್ತು. ಮೂಳೆ ಕೂಡಿತು. ಆದರೆ ಮಂಡಿ ಮತ್ತೆ ಪೂರ್ತಿ ಮಡಚಲಿಲ್ಲ.

"ಮಂಡಿ ವಿಷ್ಯ ಈಗ್ಲೇ ಬೇಡ ಮಗೂ. ಅವ್ರು ಒಪ್ಪಿದ್ಮೇಲೆ ನಿಧಾನವಾಗಿ ಹೇಳೋಣ," ಎಂದು ತಂದೆ ಅನಂತರಾಮಯ್ಯ ಬೆಳಗ್ಗೆಯೇ ಅಂಗಲಾಚಿದ್ದರು. ಅದಕ್ಕೇ ಅವಳು ತುಟಿ ಕಚ್ಚಿ ಕುಳಿತಳು.

ಇನ್ನು ಆ ಹುಡುಗ ವೆಂಕಟೇಶ! ವ್ಯವಸಾಯ ಇಲಾಖೆಯಲ್ಲಿ ಕೆಲಸವಂತೆ. ಪಕ್ಕದಲ್ಲೇ ಹುಡುಗಿ ಕೂತಿದ್ದರೂ ಎದುರಿನ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ. ಅರ್ಧ ಗಂಟೆಯಲ್ಲಿ ಒಂದೇ ಒಂದು ಸಲವೂ ಅವಳ ಕಡೆ ತಿರುಗಲಿಲ್ಲ.

'ಅಬ್ಬಾ, ಎಂಥ ಜಂಬ! ತಿಂಗಳು, ತಾರೀಖು ಎಲ್ಲ ಬಾಯಿಪಾಠ ಮಾಡ್ಕೊಂಡು ಹೋಗಲಿ!'

ಅವರು ಉಪ್ಪಿಟ್ಟು ತಿಂದು ಹೋದರು. ಒಪ್ಪಿಗೆಯ ಕಾಗದ ಬರಲಿಲ್ಲ.

"ಅಪ್ಪಾ, ಇನ್ನು ಯಾರನ್ನೂ ಕರೀಬೇಡಿ. ನನಗೆ ಪಾಠ ಹೇಳೋಕೆ ಸ್ಕೂಲಿದೆ, ಅಲ್ಲಿನ ಮಕ್ಳಿದಾರೆ. ಸಾಕು," ಎಂದಳು ಕೌಸಲ್ಯ. ಅನಂತರಾಮಯ್ಯ ಕನ್ನಡಕ ಒರೆಸಿಕೊಂಡರು.

ಮೂರು ವಾರದ ನಂತರ ಮಂಡಿ ಮತ್ತೆ ಊದಿಕೊಂಡಿತು. ತುಮಕೂರಿನ ಮೂಳೆ ಡಾಕ್ಟರು ಮಹಾದೇವಯ್ಯನವರ ಕ್ಲಿನಿಕ್ಕಿಗೆ ತಂದೆಯ ಜೊತೆ ಬಂದಳು. ಒಳಗೆ ಕಾಲಿಟ್ಟವಳು ಬೆರಗಾಗಿ ನಿಂತುಬಿಟ್ಟಳು!

ಸ್ಟೂಲಿನ ಮೇಲೆ ಒಬ್ಬ ನೆಟ್ಟಗೆ ಕೂತಿದ್ದ. ಗಲ್ಲಕ್ಕೆ ಚರ್ಮದ ಪಟ್ಟಿ, ಪಟ್ಟಿಗೆ ಹಗ್ಗ, ತಲೆಯ ಮೇಲಿನ ರಾಟೆ ದಾಟಿ ಆಚೆ ತುದಿಯಲ್ಲಿ ಎರಡು ಇಟ್ಟಿಗೆ ತೂಗುತ್ತಿದ್ದವು.

ವೆಂಕಟೇಶ!

ಅವಳಿಗೆ ನಗು ತಡೆಯಲಾಗಲಿಲ್ಲ.

"ಯಾರ್ರೀ ಅದು ನಗೋದು? ಮುಂದೆ ಬನ್ನಿ, ನನಗೆ ತಿರುಗೋಕಾಗಲ್ಲ!"

ಅವಳು ಕುಂಟುತ್ತ ಅವನೆದುರು ಬಂದು ನಿಂತಳು. ಅವನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಅವಳ ಕಣ್ಣು ಅವನ ಕತ್ತಿನ ಮೇಲೆ...

"ಏನಾಯ್ತು?" ಇಬ್ಬರೂ ಒಟ್ಟಿಗೇ ಕೇಳಿದರು.

"ಆಫೀಸು ಜೀಪು ಕೆರೆ ಏರಿಯಿಂದ ಜಾರಿ ಬಂಡೆಗೆ ಹೊಡೀತು. ಡ್ರೈವರ್ ಪಕ್ಕ ಕೂತಿದ್ದೆ. ಆರು ವರ್ಷ ಆಯ್ತು, ಕತ್ತು ಪಕ್ಕಕ್ಕೆ ತಿರುಗಲ್ಲ. ಹೇಳ್ಬೇಡ ಅಂತ ಅಮ್ಮ ಆಣೆ ಹಾಕ್ಸಿದ್ಳು... ನಿಮ್ಗೆ?"

"ಕಾರು. ಹುಣಸೆಮರ. ಮಂಡಿ ಮಡಚೋಕಾಗಲ್ಲ," ಎಂದಳು ಕೌಸಲ್ಯ. "ಅವತ್ತು ನೀವು ನನ್ನನ್ನ ನೋಡ್ಲೇ ಇಲ್ಲ ಅಂತ ಬೈಕೊಂಡಿದ್ದೆ."

"ನೋಡ್ದೆ! ಕುರ್ಚಿಯಿಂದ್ಲೇ ಕೈ ಚಾಚಿ ಕಾಫಿ ಲೋಟ ಕೊಟ್ರಲ್ಲ, ಆಗ ನಿಮ್ಮ ಬಳೆ ಕಾಣಿಸ್ತು. ಹಸಿರು ಬಳೆ. ಅಷ್ಟೇ ನನ್ನ ಅದೃಷ್ಟ!"

ಇಟ್ಟಿಗೆಗಳು ಅಲ್ಲಾಡುವಷ್ಟು ಇಬ್ಬರೂ ನಕ್ಕರು. "ರೀ, ನಗ್ಬೇಡ್ರೀ, ಕತ್ತು ಉಳುಕುತ್ತೆ!" ಎಂದು ಡಾಕ್ಟರು ಗದರಿದರು.

ಆದರೆ ವಾಪಸು ಬರುವಾಗ ಕೌಸಲ್ಯಳ ನಗು ಕರಗಿತು. ಈ ನೋವು ವಯಸ್ಸಾದಂತೆ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ ಎಂದು ಡಾಕ್ಟರು ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು. 'ಅವರ ನೋವೇ ಅವರಿಗೆ ಹಾಸಿ ಹೊದೆಯುವಷ್ಟಿದೆ. ನನ್ನದೂ ಯಾಕೆ...?'

ತಿಂಗಳ ಮೇಲೆ ಒಂದು ಶನಿವಾರ, ಸ್ಕೂಲು ಬಿಟ್ಟು ಹೊರಬಂದರೆ ಗೇಟಿನ ಬಳಿ ವೆಂಕಟೇಶ ನಿಂತಿದ್ದ!

"ಅಮ್ಮಂಗೆ ಎಲ್ಲಾ ಹೇಳ್ದೆ. ಮೂರು ದಿನ ಮುಖ ಊದಿಸ್ಕೊಂಡಿದ್ಳು. ಆಮೇಲೆ, 'ನಾವೂ ಮುಚ್ಚಿಟ್ವಿ, ಅವ್ರೂ ಮುಚ್ಚಿಟ್ರು. ಬೈಯೋಕೆ ನನಗೆಲ್ಲಿದೆ ಬಾಯಿ?' ಅಂದ್ಳು. ನಿಮ್ಮಪ್ಪನ್ನ ಕೇಳೋಕೆ ಮುಂಚೆ ನಿಮ್ಮನ್ನ ಕೇಳೋಣ ಅಂತ ಬಂದೆ."

ಅವಳು ಗಟ್ಟಿ ಮನಸ್ಸು ಮಾಡಿದಳು. ಈ ಸಲ ಯಾವುದನ್ನೂ ಮುಚ್ಚಿಡಬಾರದು!

"ಕೇಳಿ. ನಾನು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂರಲಾರೆ. ಈಗ್ಲೂ ಕಾರು ಹತ್ತಲಾರೆ, ಬ್ರೇಕಿನ ಸದ್ದು ಕೇಳಿದ್ರೆ ಕಿವಿ ಮುಚ್ಕೋತೀನಿ. ಮುಂದೆ ಕೋಲು ಹಿಡೀಬೇಕಾಗ್ಬಹುದು. ಕರುಣೆಗೆ ಬಂದಿದ್ರೆ ಹೊರಟುಬಿಡಿ..."

"ಕರುಣೆನಾ?" ಅವನ ದನಿ ಮೆತ್ತಗಾಯಿತು. "ಅವತ್ತು ನೀವು ನಕ್ಕಾಗಿಂದ ನನಗೆ ಇನ್ನೇನೂ ಕೇಳಿಸ್ತಿಲ್ಲ ಕೌಸಲ್ಯಾ. ಗಾರೆ ಕೆಲಸದ ಬೀರಯ್ಯನ್ನ ಕರೆಸಿ ಅಡುಗೆಮನೇಲಿ ಕಟ್ಟೆ ಹಾಕ್ಸಿ, ಒಲೇನ ಮೇಲೆ ಎತ್ತಿಸಿದೀನಿ. ನಿಂತ್ಕೊಂಡೇ ಅಡುಗೆ ಮಾಡ್ಬಹುದು. ಅಮ್ಮಂಗೂ ಸೊಂಟನೋವು ಕಮ್ಮಿ ಆಗಿದೆಯಂತೆ!"

ಅವಳು ದಂಗಾದಳು. "ನನ್ನ ಕೇಳೋಕೆ ಮುಂಚೇನೇ...? ನಾನು ಒಲ್ಲೆ ಅಂದಿದ್ರೆ?"

"ನಾನೇ ಅಡುಗೆ ಮಾಡಿ, ಎರಡು ಎಲೆ ಹಾಕಿ, ಕಾಯ್ತಾ ಇರ್ತಿದ್ದೆ."

ಕೌಸಲ್ಯಳ ಕಣ್ಣು ತುಂಬಿ ಬಂತು. ಸೆರಗಿನ ತುದಿಯಲ್ಲಿ ಒರೆಸಿಕೊಂಡಳು.

"ಎಷ್ಟು ಎತ್ತರ ಕಟ್ಟಿಸಿದೀರಾ?"

ಅವನು ತನ್ನ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದ.

"ಅಯ್ಯೋ, ನನಗೆ ಜಾಸ್ತಿ ಆಯ್ತು! ಒಂದು ಗೇಣು ತಗ್ಗಿಸಿ."

ವೆಂಕಟೇಶ ಒಂದು ಹೆಜ್ಜೆ ಮುಂದೆ ಬಂದ. "ಹಂಗಂದ್ರೆ... ಬರ್ತೀರಾ?"

"ತಗ್ಗಿಸಿದ್ಮೇಲೆ," ಎಂದಳು ಅವಳು, ನಾಚಿ ನೆಲ ನೋಡುತ್ತ.

"ನಾಳೆ ಬೆಳಗ್ಗೇನೇ ಬೀರಯ್ಯನ್ನ ಕರೀತೀನಿ!"

"ನಾಳೆ ಭಾನುವಾರ ಕಣ್ರೀ, ಪಾಪ ಅವನಿಗೂ ರಜ ಇರ್ಲಿ... ಸೋಮವಾರ ಕರೀರಿ. ಈಗ ಮನೆಗೆ ಬನ್ನಿ, ಅಪ್ಪ ಕಾಫಿಗೆ ಕಾಯ್ತಿರ್ತಾರೆ."